ಹೊಟ್ಟೆಯೊಳಗೆ ಗಮ್ ಹಾಕ್ತೀರಾ ಮೇಡಂ?

"ಮೇಡಂ, ಆಪರೇಷನ್ ಆದ್ಮೇಲೆ ಕರುಳು ಅಂಟಿಕೊಳ್ಳದ ಹಾಗೆ ಒಳಗೆ ಏನೋ ಗಮ್ ಹಾಕ್ತಾರಂತಲ್ಲ, ನಮಗೂ ಅದನ್ನ ಹಾಕಿಬಿಡಿ." ಈ ಮಾತನ್ನು ಓಪಿಡಿಯಲ್ಲಿ ಕೇಳಿದ್ದೇನೆ, ಮದುವೆ ಮನೆಯಲ್ಲಿ ಕೈ ತೊಳೆಯುವಾಗ ಕೇಳಿದ್ದೇನೆ, ಎಟಿಎಂ ಸಾಲಿನಲ್ಲೂ ಕೇಳಿದ್ದೇನೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಚಿಕ್ಕ ಉತ್ತರ: ಸಾಮಾನ್ಯವಾಗಿ ಹಾಕುವುದಿಲ್ಲ. ಕೆಲವರಿಗೆ ಹಾಕುತ್ತೇನೆ. ಹಾಕುವುದಾದರೆ ಮೊದಲೇ ಹೇಳುತ್ತೇನೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು.

ನನಗೆ ರೇಗುವುದು ಪ್ರಶ್ನೆಗಲ್ಲ, ಕೇಳುವ ಧಾಟಿಗೆ. ಮಸಾಲೆ ದೋಸೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿ ಅಂದ ಹಾಗೆ ಕೇಳುತ್ತಾರೆ. "ದುಡ್ಡಿನ ಯೋಚನೆ ಬೇಡ ಮೇಡಂ, ಬೆಸ್ಟ್ ಹಾಕಿ." ಅದರ ಹಿಂದೆ ಒಂದು ಅನುಮಾನವೂ ಇರುತ್ತದೆ: ಒಳ್ಳೇದು ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದಾರೆ, ಕೇಳಿದವರಿಗೆ ಮಾತ್ರ ತೆಗೀತಾರೆ. ನಮ್ಮ ಕಪಾಟಿನಲ್ಲಿ ಜಾಸ್ತಿ ಇರುವುದು ಹತ್ತಿ.

ಒಂದು ಸಲದ್ದು ಹೇಳಿಬಿಡುತ್ತೇನೆ. ರಾತ್ರಿ ಹೊತ್ತು ಒಬ್ಬ ಹೆಂಗಸನ್ನು ಕರೆತಂದರು. ಇನ್ನೂ ನಲವತ್ತು ದಾಟಿರಲಿಲ್ಲ. ಹೊಟ್ಟೆ ಉಬ್ಬಿತ್ತು, ವಾಂತಿ ಹಸಿರಾಗಿತ್ತು, ಹಿಂದಿನ ದಿನದಿಂದ ಗ್ಯಾಸೂ ಹೋಗಿರಲಿಲ್ಲ. ಗಂಡನ ಕೈಯಲ್ಲಿ ಬಟ್ಟೆ ಅಂಗಡಿಯ ಕವರ್, ಅದರೊಳಗೆ ಹಳೇ ಕಾಗದಗಳು. ಎರಡು ಸಿಸೇರಿಯನ್, ಆಮೇಲೆ ಗರ್ಭಕೋಶ ತೆಗೆದದ್ದು. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಎಂಬ ನಳಿಕೆ ಇಳಿಸಿ, ಬಾಯಿಗೆ ಏನೂ ಕೊಡದೆ, ಡ್ರಿಪ್ ಹಾಕಿ ಕಾದೆವು. ಹೀಗೆ ಬರುವವರಲ್ಲಿ ಸುಮಾರು ಜನರಿಗೆ ಅಷ್ಟರಲ್ಲೇ ದಾರಿ ಬಿಟ್ಟುಕೊಳ್ಳುತ್ತದೆ. ಇವರಿಗೆ ಬಿಡಲಿಲ್ಲ. ಬಂದು ಹೋಗುತ್ತಿದ್ದ ನೋವು ಬಿಡದೆ ಹಿಡಿದುಕೊಂಡಿತು, ನಾಡಿ ಏರಿತು. ಇನ್ನು ಕಾಯುವ ಹಾಗಿರಲಿಲ್ಲ.

ಥಿಯೇಟರಿಗೆ ಒಯ್ಯುವಾಗ ಬೆಂಗಳೂರಿನಿಂದ ಅವರ ತಮ್ಮನ ಫೋನ್. "ಮೇಡಂ, ಈ ಸಲ ಆ ಗಮ್ ಹಾಕ್ಸಿ. ಎಷ್ಟಾದ್ರೂ ಆಗ್ಲಿ."

ಒಳಗೆ ಇದ್ದದ್ದು ಒಂದೇ ಒಂದು ಎಳೆ. ಹಳೇ ಗಾಯದ ಹಿಂಬದಿಯಿಂದ ಹೊರಟು ಅಡ್ಡಡ್ಡ ಹೋಗಿ ಇನ್ನೊಂದು ಕಡೆ ಅಂಟಿತ್ತು. ಅದರಡಿ ಸಣ್ಣಕರುಳಿನ ಒಂದು ಸುರುಳಿ ಸಿಕ್ಕಿಕೊಂಡು ಕಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಎಳೆ ಬಿಡಿಸಲು ಒಂದು ಸಲ ಕತ್ತರಿ ಆಡಿಸಿದರೆ ಮುಗಿಯಿತು. ಕಷ್ಟ ಇರುವುದು ಆಮೇಲಿನ ಕಾಯುವಿಕೆಯಲ್ಲಿ. ಬಿಸಿ ಸಲೈನಿನಲ್ಲಿ ಅದ್ದಿದ ಮಾಪ್, ಅಂದರೆ ಆಪರೇಷನ್ನಿನ ದಪ್ಪ ಬಟ್ಟೆ, ಹೊದಿಸುತ್ತೇವೆ, ಅನಸ್ತೇಶಿಯಾದವರು ಆಕ್ಸಿಜನ್ ಏರಿಸುತ್ತಾರೆ, ಸಿಸ್ಟರ್ ಗಡಿಯಾರ ನೋಡುತ್ತಾರೆ. ಮಾಪ್ ಎತ್ತಿದಾಗ ಗುಲಾಬಿ ಬಣ್ಣ ಮರಳಿ, ಕರುಳು ತಾನಾಗಿ ಅಲುಗಿದರೆ ಉಳಿಯಿತು. ಇಲ್ಲದಿದ್ದರೆ ಅಷ್ಟುದ್ದ ಕತ್ತರಿಸಿ ತೆಗೆದು ಎರಡು ತುದಿ ಜೋಡಿಸಬೇಕು. ಇವರದ್ದು ಉಳಿಯಿತು.

ಹೊರಗೆ ಬಂದು ಫೋನ್ ಎತ್ತಿದೆ. "ಹಾಕಿದ್ರಾ ಮೇಡಂ?" ಅಕ್ಕ ಹೇಗಿದ್ದಾಳೆ ಅನ್ನುವುದು ಎರಡನೇ ಪ್ರಶ್ನೆ.

ಹಾಕಿರಲಿಲ್ಲ. ಯಾಕೆ ಅಂತ ಆ ಹೊತ್ತಿನಲ್ಲಿ ಫೋನಿನಲ್ಲಿ ಹೇಳುವಷ್ಟು ತಾಳ್ಮೆ ಇರಲಿಲ್ಲ. ಈಗ ಹೇಳುತ್ತೇನೆ.

ಹೊಟ್ಟೆಯ ಒಳಗೋಡೆಗೂ ಕರುಳಿಗೂ ಒಂದು ತೆಳು ನುಣುಪು ಪೊರೆ ಇದೆ. ಅದರ ಹೆಸರು ಪೆರಿಟೋನಿಯಂ. ಅದು ಗಾಯವಾದರೆ ಕೆಲವೇ ಗಂಟೆಗಳಲ್ಲಿ ಫೈಬ್ರಿನ್ ಎಂಬ ಅಂಟು ಪದಾರ್ಥ ಜಿನುಗುತ್ತದೆ. ರಕ್ತ ಹೆಪ್ಪುಗಟ್ಟುವಾಗ ಆಗುವುದೂ ಇದೇ ಫೈಬ್ರಿನ್. ಎಲ್ಲ ಸರಿಯಿದ್ದರೆ ದೇಹವೇ ಅದನ್ನು ಕೆಲವು ದಿನಗಳಲ್ಲಿ ಕರಗಿಸುತ್ತದೆ. ಕರಗದೆ ಉಳಿದರೆ ಅದರೊಳಗೆ ಜೀವಕೋಶಗಳು, ರಕ್ತನಾಳಗಳು ಬೆಳೆದು ಗಟ್ಟಿ ಎಳೆಯಾಗುತ್ತದೆ. ಇದೇ ಅಡೀಶನ್, ಮುಂದೆ ನಾನು ಬರೀ ಅಂಟು ಅನ್ನುವುದು ಇದನ್ನೇ. ದೊಡ್ಡ ಹೊಟ್ಟೆ ಆಪರೇಷನ್ ಆದವರಲ್ಲಿ ಹೆಚ್ಚಿನವರಿಗೆ ಇದು ಒಂದಿಷ್ಟು ಇದ್ದೇ ಇರುತ್ತದೆ. ಅವರಲ್ಲಿ ಸುಮಾರು ಜನರಿಗೆ ಜೀವಮಾನದಲ್ಲಿ ಗೊತ್ತೇ ಆಗುವುದಿಲ್ಲ.

ಈಗ ಆ ಗಮ್. ಜನ ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ನಿಜವಾಗಿ ಅಂಟಿಸುವಂಥದ್ದು. ಫೈಬ್ರಿನ್ ಗ್ಲೂ ಅಂತಾರಲ್ಲ, ಅದು. ಲಿವರ್ ಮೇಲೆ ರಕ್ತ ಜಿನುಗುವ ಕಡೆ ಹಚ್ಚುತ್ತಾರೆ, ಹರ್ನಿಯಾದ ಜಾಲರಿ ಕೂರಿಸಲು ಬಳಸುತ್ತಾರೆ. ಅಂಟಿಕೊಳ್ಳುವುದಕ್ಕೆ ಕಾರಣವಾದ ಪದಾರ್ಥವನ್ನೇ ಅಂಟದಿರಲಿ ಅಂತ ಹಾಕಿ ಪರೀಕ್ಷೆಯನ್ನೂ ಮಾಡಿದ್ದಾರೆ, ಫಲ ಒಂದೊಂದು ಕಡೆ ಒಂದೊಂದು ಥರ. ಇನ್ನೊಂದು ಬಗೆ ಬರೀ ತಡೆ. ಗಾಯ ಮಾಗುವ ಮೊದಲ ಕೆಲವು ದಿನ ಎರಡು ಮೇಲ್ಮೈಗಳನ್ನು ದೂರ ಇಟ್ಟು, ಆಮೇಲೆ ತಾನೇ ಕರಗಿ ಹೋಗುವಂಥದ್ದು. ಸೆಪ್ರಾಫಿಲ್ಮ್ ಎಂಬ ಹಾಳೆ, ಇಂಟರ್ಸೀಡ್ ಎಂಬ ಬಟ್ಟೆಯಂಥದ್ದು, ಐಕೋಡೆಕ್ಸ್‌ಟ್ರಿನ್ ದ್ರವ, ಮತ್ತೆ ನೀವೆಲ್ಲ ವಾಟ್ಸಾಪ್ ವಿಡಿಯೋದಲ್ಲಿ ನೋಡುವ ಸ್ಪ್ರೇ. ಎರಡು ದ್ರವ ಮೂತಿಯಲ್ಲಿ ಸೇರಿ ಜೆಲ್ ಆಗುತ್ತದೆ. ನೋಡಲು ಚೆನ್ನಾಗಿರುತ್ತದೆ, ಒಪ್ಪುತ್ತೇನೆ.

ಆ ಹಾಳೆ ಹಾಕುವುದೂ ಒಂದು ಸರ್ಕಸ್ಸೇ. ಒಣಗಿರುವಾಗ ಬಾಗಿಸಿದರೆ ಮುರಿಯುತ್ತದೆ, ಒದ್ದೆ ತಾಗಿದರೆ ಗ್ಲೌಸಿಗೇ ಮೆತ್ತಿಕೊಳ್ಳುತ್ತದೆ. ಇಂಟರ್ಸೀಡಿಗೆ ರಕ್ತ ಕಂಡರಾಗದು. ಒಂದಿಷ್ಟು ಜಿನುಗುತ್ತಿದ್ದರೂ ಹಾಕಿದ್ದು ದಂಡ.

ಕೆಲಸ ಮಾಡುತ್ತಾ? ಮಾಡುತ್ತೆ, ನೀವು ಅಂದುಕೊಂಡಷ್ಟಲ್ಲ. 1996ರ ಒಂದು ಅಮೆರಿಕನ್ ಪರೀಕ್ಷೆಯಲ್ಲಿ ಸೆಪ್ರಾಫಿಲ್ಮ್ ಹಾಕಿದವರಲ್ಲಿ 51% ಜನರಿಗೆ ಗಾಯದ ಕೆಳಗೆ ಅಂಟು ಇರಲಿಲ್ಲ. ಹಾಕದವರಲ್ಲಿ ಅದು 6% ಮಾತ್ರ. ಭಾರಿ ವ್ಯತ್ಯಾಸ, ಅಲ್ವಾ? ಆದರೆ ರೋಗಿಗೆ ಬೇಕಾದದ್ದು ಅಂಟಿನ ಲೆಕ್ಕವಲ್ಲ, ಕರುಳು ಕಟ್ಟುತ್ತದೋ ಇಲ್ಲವೋ ಅನ್ನುವುದು. 2006ರಲ್ಲಿ 1,700ಕ್ಕೂ ಹೆಚ್ಚು ಜನರ ಮೇಲಿನ ಪರೀಕ್ಷೆ ಬಂತು. ಕರುಳು ಕಟ್ಟಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಅಂಟಿನಿಂದ ಕಟ್ಟಿ ಮತ್ತೆ ಆಪರೇಷನ್ ಬೇಕಾದವರು ಮಾತ್ರ 3.4%ರಿಂದ 1.8%ಕ್ಕೆ ಇಳಿದರು. ಜೊತೆಗೆ, ಈಗಷ್ಟೇ ಹೊಲಿದು ಜೋಡಿಸಿದ ಕರುಳಿನ ಸುತ್ತ ಆ ಹಾಳೆ ಸುತ್ತಿದರೆ ಹೊಲಿಗೆ ಸೋರುವುದು ಜಾಸ್ತಿ ಅಂತಲೂ ಗೊತ್ತಾಯಿತು. ಆ ರಾತ್ರಿಯ ಕೇಸಿನಲ್ಲಿ ಕರುಳಿನ ಬಣ್ಣವೇ ಈಗ ತಾನೇ ಮರಳಿತ್ತು. ಅಂಥಾದ್ದರ ಮೇಲೆ ಸುಮ್ನೆ ಏನನ್ನೂ ಹೊದಿಸಲು ನನಗೆ ಇಷ್ಟವಿಲ್ಲ.

ಅಂಟು ಕಡಿಮೆ ಮಾಡುವ ಬೇರೆ ಉಪಾಯಗಳು ಬಿಲ್ಲಿನಲ್ಲಿ ಕಾಣುವುದಿಲ್ಲ. ಕರುಳನ್ನು ಉಜ್ಜದಿರುವುದು, ಒಣಗಲು ಬಿಡದಿರುವುದು, ರಕ್ತ ಉಳಿಸದಿರುವುದು, ರಕ್ತ ನಿಲ್ಲಿಸಲು ಸುಡುವ ಕಾಟರಿ ಯಂತ್ರವನ್ನು ಮಿತಿಯಲ್ಲಿ ಬಳಸುವುದು, ಆಗುವ ಕಡೆ ಲ್ಯಾಪ್ರೋಸ್ಕೋಪಿ ಮಾಡುವುದು. ಪೌಡರ್ ಹಾಕಿದ ಗ್ಲೌಸ್ ಕೂಡ ಅಂಟಿಗೆ ದಾರಿ. ಅಮೆರಿಕದಲ್ಲಿ 2017ರಿಂದ ಅದಕ್ಕೆ ನಿಷೇಧವೇ ಇದೆ. "ನಿಮ್ಮ ಗ್ಲೌಸಿನಲ್ಲಿ ಪೌಡರ್ ಇದೆಯಾ?" ಅಂತ ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ.

ಕೇಳದಿರುವ ಪ್ರಶ್ನೆ ಇನ್ನೂ ಒಂದಿದೆ. ಆ ಹೆಂಗಸಿನ ಹಳೇ ಡಿಸ್ಚಾರ್ಜ್ ಕಾರ್ಡ್ ನೋಡಿದೆ. ಗರ್ಭಕೋಶ ತೆಗೆದದ್ದು ಮೂವತ್ತರ ಆಸುಪಾಸಿನಲ್ಲಿ. ಕಾರಣದ ಜಾಗದಲ್ಲಿ ಬರೆದದ್ದು ಬಿಳಿ ಸೆರಗು. ಬಿಟ್ಟರೆ ಮುಂದೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿದ್ದರಂತೆ. ಮಾತ್ರೆಯಲ್ಲಿ ಹೋಗುವ ತೊಂದರೆಗೆ ಹೊಟ್ಟೆ ಕೊಯ್ದಿದ್ದರು. ಆಗ ಈ ತಮ್ಮ, ಗಂಡ, ಅತ್ತೆ ಎಲ್ಲ ಅಲ್ಲೇ ಇದ್ದರು. "ತೆಗೀಲೇಬೇಕಾ? ಬೇರೆ ದಾರಿ ಇಲ್ವಾ?" ಅಂತ ಒಬ್ಬರೂ ಕೇಳಲಿಲ್ಲ. ಕೇಳಲು ಧೈರ್ಯ ಬೇಕು, ನಿಜ. ಎದುರಿಗೆ ಬಿಳಿ ಕೋಟು ಇದ್ದಾಗ ನಾನೂ ನನ್ನ ಅಮ್ಮನ ಜೊತೆ ಹೋದರೆ ಮೆತ್ತಗಾಗುತ್ತೇನೆ. ಆದರೂ ಕೇಳಿ.

ಇದು ಒಬ್ಬರ ಕಥೆಯಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಹೀಗೆ ಬೇಡದ ಆಪರೇಷನ್ ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು, ತನಿಖೆಯೂ ಆಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಅಂತ ರಾಜ್ಯಗಳಿಗೆ ಹೇಳಿತು. ತೆರೆಯದ ಹೊಟ್ಟೆಯಲ್ಲಿ ಆಪರೇಷನ್ನಿನ ಅಂಟು ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ಗಮ್ ನನಗೆ ಗೊತ್ತಿಲ್ಲ.

ಈಗಾಗಲೇ ಆಪರೇಷನ್ ಆದವರು ಗಮ್ ಚಿಂತೆ ಬಿಟ್ಟು ಇದನ್ನು ನೆನಪಿಡಿ: ಅಲೆಅಲೆಯಾಗಿ ಹೊಟ್ಟೆ ನೋವು, ವಾಂತಿ, ಉಬ್ಬರ, ಗ್ಯಾಸ್ ಕೂಡ ಹೋಗದಿರುವುದು. ಹೀಗಾದರೆ ಹರಳೆಣ್ಣೆ ಕುಡಿಸಬೇಡಿ, ಸೋಡಾ ಕುಡಿಸಬೇಡಿ, ಬೆಳಗಾಗಲಿ ಅಂತ ಕಾಯಬೇಡಿ. ಹಳೇ ಕಾಗದದ ಕವರ್ ಹಿಡಿದು ಹೊರಡಿ.

ಆ ತಮ್ಮ ಆಮೇಲೆ ಮತ್ತೆ ಫೋನ್ ಮಾಡಿದ್ದರು. ಹೆಂಡತಿಗೆ ಗರ್ಭಕೋಶದಲ್ಲಿ ಗಡ್ಡೆಯಂತೆ, ಅಲ್ಲಿನ ಡಾಕ್ಟರು ತೆಗೆದುಬಿಡೋಣ ಅಂದಿದ್ದಾರಂತೆ. "ಆ ಗಮ್ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಮೇಡಂ? ನಾವೇ ತಂದುಕೊಡ್ತೀವಿ." ಮೊದಲು ಸ್ಕ್ಯಾನ್ ರಿಪೋರ್ಟ್ ಕಳಿಸಿ ಅಂದೆ. ಕಳಿಸಿದರು. ಸಣ್ಣ ಫೈಬ್ರಾಯ್ಡ್. ರಕ್ತಸ್ರಾವ ಜಾಸ್ತಿ ಇದೆಯಾ, ನೋವು ಇದೆಯಾ ಅಂತ ಕೇಳಿದೆ. ಏನೂ ಇಲ್ಲವಂತೆ, ಬೇರೆ ಯಾತಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿದ್ದಂತೆ. ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ ಅಂದು ಫೋನ್ ಇಟ್ಟೆ.