ಖಾಲಿ ರೈಲು ಹೋಗುವ ಊರು

ಲಂಡನ್, 14 ನವೆಂಬರ್ 2024, ಗುರುವಾರ

ಸಂಜೆ ನಮ್ಮ ವಿಕ್ಟೋರಿಯಾ ಮಾರ್ಗದ ಭೂಗತ ರೈಲು ಸೆವೆನ್ ಸಿಸ್ಟರ್ಸ್‌ನಲ್ಲಿ ಎಲ್ಲರನ್ನೂ ಇಳಿಸಿಬಿಟ್ಟಿತು. ಇನ್ನು ಮೂರನೆಯದೇ ಕೊನೆಯ ನಿಲ್ದಾಣ ವಾಲ್ಥಮ್‌ಸ್ಟೋ. ತರಕಾರಿ ಚೀಲ ಹೊತ್ತಿದ್ದ ಅಜ್ಜಿಯೊಬ್ಬರು ಗೊಣಗುತ್ತಲೇ ಇಳಿದರು. ಯಾರಾದರೂ ನಿದ್ದೆ ಹೋಗಿದ್ದಾರೆಯೇ ಎಂದು ಸಿಬ್ಬಂದಿಯೊಬ್ಬ ಬೋಗಿಯಿಂದ ಬೋಗಿಗೆ ಇಣುಕುತ್ತಾ ಹೋದ. ಬಾಗಿಲು ಮುಚ್ಚಿತು, ರೈಲು ಡಿಪೊಗೆ ಹೊರಟಿತು.

ಆ ಡಿಪೊ ಇರುವುದು ನಾರ್ತಂಬರ್ಲೆಂಡ್ ಪಾರ್ಕ್‌ನಲ್ಲಿ. ಪ್ರಯಾಣಿಕರ ನಿಲ್ದಾಣಗಳೆಲ್ಲ ನೆಲದಡಿಯಲ್ಲೇ ಇರುವ ಈ ಮಾರ್ಗದ ರೈಲುಗಳು ಬಿಸಿಲು ಕಾಣುವುದು ಅಲ್ಲಿ ಮಾತ್ರ. 1968ರ ಸೆಪ್ಟೆಂಬರ್ 1ರಂದು ಮಾರ್ಗದ ಮೊದಲ ಭಾಗ ತೆರೆದಾಗ ಪತ್ರಿಕೆಗಳು ಹಾಡಿ ಹೊಗಳಿದ್ದು ರೈಲು ತಾನಾಗಿ ಓಡುವುದನ್ನು. ಚಾಲಕ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು, ಮುಂದಿನ ನಿಲ್ದಾಣದವರೆಗೆ ರೈಲೇ ನೋಡಿಕೊಳ್ಳುತ್ತಿತ್ತು. ಹಳಿಯಲ್ಲಿ ನಿಮಿಷಕ್ಕೆ 420 ಮಿಡಿತದ ವಿದ್ಯುತ್ ಸಂಕೇತ ಹರಿಯುತ್ತಿದ್ದರೆ ದಾರಿ ಸಲೀಸು. 270 ಅಥವಾ 180 ಆದರೆ ವೇಗಕ್ಕೆ ಕಡಿವಾಣ. ಮಿಡಿತವೇ ನಿಂತರೆ ತುರ್ತು ಬ್ರೇಕ್. ಡಿಪೊದೊಳಗೆ ಈ ವೈಭವ ಇರಲಿಲ್ಲ. ಅಲ್ಲಿ ಚಾಲಕನ ಕಣ್ಣು, ಚಾಲಕನ ಕೈ, ಆಮೆಯ ನಡಿಗೆ.

ನನ್ನನ್ನು ಕೇಳಿದರೆ ನಿಜವಾದ ಜಾಣ್ಮೆ ಇದ್ದದ್ದು ರೈಲಿನಲ್ಲಲ್ಲ, ಯಾವ ರೈಲು ಯಾವ ಕವಲಿಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದ ಒಂದು ಪ್ಲಾಸ್ಟಿಕ್ ಸುರುಳಿಯಲ್ಲಿ. ಭೂಗತ ರೈಲಿನ ಮುಖ್ಯ ಸಿಗ್ನಲ್ ಎಂಜಿನಿಯರ್ ರಾಬರ್ಟ್ ಡೆಲ್ ಅವರ ಕಾಲದಲ್ಲಿ ಬಂದ ಈ 'ಪ್ರೋಗ್ರಾಂ ಮಷೀನ್' ಮೊದಲು ಕೆಲಸಕ್ಕೆ ನಿಂತದ್ದು 1958ರಲ್ಲಿ, ನಾರ್ದರ್ನ್ ಮಾರ್ಗದ ಕೆನ್ನಿಂಗ್‌ಟನ್‌ನಲ್ಲಿ. ಆಮೇಲೆ ವಿಕ್ಟೋರಿಯಾ ಮಾರ್ಗಕ್ಕೂ ಬಂತು. ಸುಮಾರು ಎಂಟು ಅಡಿ ಉದ್ದದ ಆ ಸುರುಳಿಯಲ್ಲಿ ಅಡ್ಡಸಾಲಾಗಿ ತೂತುಗಳು. ಒಂದು ಸಾಲಿಗೆ ಒಂದು ರೈಲು. ಅದರ ಸಂಖ್ಯೆ, ಹೊರಡುವ ಸಮಯ, ತಲುಪಬೇಕಾದ ಜಾಗ ಎಲ್ಲವೂ ಆ ತೂತುಗಳಲ್ಲೇ. ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ಜಕಾರ್ಡಿನ ತೂತುರಟ್ಟು ಸೀರೆಯ ಅಂಚು ನೇಯಿಸುತ್ತದಲ್ಲ, ಹಾಗೆಯೇ ಇದು ವೇಳಾಪಟ್ಟಿಯನ್ನು ನೇಯುತ್ತಿತ್ತು. ಸಣ್ಣ ಲೋಹದ ಬೆರಳುಗಳು ಸಾಲನ್ನು ತಡವಿ ಓದುತ್ತಿದ್ದವು. ಆ ರೈಲು ದಾಟಿದ ಮೇಲೆ ಸುರುಳಿ ಒಂದು ಸಾಲು ಮುಂದಕ್ಕೆ ಜರುಗುತ್ತಿತ್ತು.

ಸುರುಳಿಗೆ ಅಧಿಕಾರ ಮಾತ್ರ ಇರಲಿಲ್ಲ, ಅದು ಕೇಳಿಕೊಳ್ಳಬಹುದಿತ್ತು ಅಷ್ಟೇ. ದಾರಿ ಕೊಡುವುದು ಬಿಡುವುದು, ರೈಲುಗಳು ಒಂದರ ದಾರಿಗೆ ಒಂದು ಬರದಂತೆ ತಡೆಯುವ ಇಂಟರ್‌ಲಾಕಿಂಗ್ ಯಂತ್ರದ ಕೈಯಲ್ಲಿ. ಹಳಿಯ ಕವಲನ್ನೂ ಸಿಗ್ನಲನ್ನೂ ಬದಲಿಸುತ್ತಿದ್ದ ಹಳೆಯ ಸಿಗ್ನಲ್ ಕ್ಯಾಬಿನ್‌ನ ಲಿವರ್‌ಗಳನ್ನೇ ಕುಗ್ಗಿಸಿ ಸಾಲಾಗಿ ಜೋಡಿಸಿದಂಥ ಯಂತ್ರ ಅದು. ಲಿವರ್ ಎಳೆಯುವುದಕ್ಕೆ ಮನುಷ್ಯನಿಲ್ಲ, ಒತ್ತಡದ ಗಾಳಿ ಎಳೆಯುತ್ತಿತ್ತು. ಒಂದಕ್ಕೊಂದು ಅಡ್ಡ ಬರುವ ಎರಡು ದಾರಿಗಳನ್ನು ಸುರುಳಿ ಕೇಳಿದರೂ ಲಿವರ್ ಜಗ್ಗುತ್ತಿರಲಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಯಾರೂ ಇಲ್ಲದೆ ಲಿವರ್‌ಗಳು ಠಣ್ಣನೆ ಹೊರಳುವುದನ್ನು ರಾತ್ರಿಪಾಳಿಯಲ್ಲಿ ಮೊದಲ ಸಲ ಕಂಡವನ ಪಾಡನ್ನು ನೆನೆದರೆ ನಗು ಬರುತ್ತದೆ.

ಇನ್ನೊಂದು ತಮಾಷೆ. ಹಲವು ಮಾರ್ಗಗಳ ರೈಲು ಸಂಖ್ಯೆಗಳಲ್ಲಿ 8 ಮತ್ತು 9 ಬರುತ್ತಲೇ ಇರಲಿಲ್ಲ. 207 ಆದ ಮೇಲೆ 210. ಉಪಕರಣಗಳು ಒಂದು ಅಂಕಿಗೆ ಮೂರೇ ಸಂಕೇತ ಜಾಗ ಬಳಸುತ್ತಿದ್ದವು; ಪ್ರತಿ ಜಾಗವೂ 'ಇದೆ' ಅಥವಾ 'ಇಲ್ಲ'. ಎಷ್ಟೇ ತಿರುಗಿಸಿ ಮುರುಗಿಸಿದರೂ ಸಿಗುವುದು ಸೊನ್ನೆಯಿಂದ ಏಳರವರೆಗೆ. ಯಂತ್ರಕ್ಕೆ ಅನುಕೂಲವಾಗಲೆಂದು ಮನುಷ್ಯರೇ ಎಣಿಕೆ ಬದಲಿಸಿಕೊಂಡರು.

ಈ ಲೆಕ್ಕಾಚಾರವೆಲ್ಲ ತಲೆಕೆಳಗಾಗುವುದಕ್ಕೆ ಸೆವೆನ್ ಸಿಸ್ಟರ್ಸ್‌ನಂಥ ಜಾಗವೇ ಸಾಕಾಗಿತ್ತು. ಆ ಕಾಲದ ಒಂದು ದಿನವನ್ನು ಊಹಿಸಿಕೊಳ್ಳಿ. ಡಿಪೊದಿಂದ 212 ಮೊದಲು ಬರಬೇಕೆಂದು ಸುರುಳಿ ಕಾಯುತ್ತಿರುತ್ತದೆ. ಡಿಪೊದಲ್ಲಿ ಅದರ ಬಾಗಿಲು ಕೆಟ್ಟು, ಹಿಂದಿದ್ದ 213 ಮುಂದೆ ಬಂದು ನಿಲ್ಲುತ್ತದೆ. ಸುರುಳಿಗೆ ಸಮಯಪ್ರಜ್ಞೆ ಉಂಟು, ಸಮಯೋಚಿತ ಬುದ್ಧಿ ಇಲ್ಲ. ಆಗ ಯೂಸ್ಟನ್ ಬಳಿಯ ಕೋಬರ್ಗ್ ಸ್ಟ್ರೀಟ್ ನಿಯಂತ್ರಣ ಕೊಠಡಿಯಲ್ಲಿದ್ದವರು ಗುಂಡಿ ಒತ್ತಿ ಸರದಿಯನ್ನು ಸರಿಪಡಿಸಬೇಕಿತ್ತು. ಎಲ್ಲ ಸುಸೂತ್ರವಾಗಿದ್ದ ದಿನ ಅವರಿಗೆ ಹೆಚ್ಚು ಕೆಲಸವಿರಲಿಲ್ಲ. ಒಂದು ರೈಲು ಸಾಲು ತಪ್ಪಿದರೆ ಮೈಯೆಲ್ಲ ಕೈ.

ತಾವಾಗಿ ಓಡಿದ ಆ ಹಳೆಯ 1967ರ ಮಾದರಿಯ ರೈಲುಗಳು 2011ರ ಜೂನ್‌ನಲ್ಲಿ ನಿವೃತ್ತಿಯಾದವು. ಈಗ ಸಿಗ್ನಲ್ ವ್ಯವಸ್ಥೆಯೂ ಹೊಸದು. ಆದರೂ ದಟ್ಟಣೆ ಇಳಿದ ಮೇಲೆ ಹೆಚ್ಚುವರಿ ರೈಲುಗಳು ಹಿಂದೆ ಸರಿಯುವುದು ಅದೇ ಸೆವೆನ್ ಸಿಸ್ಟರ್ಸ್ ಕವಲಿನಲ್ಲಿ, ಅದೇ ಡಿಪೊಗೆ. ನನ್ನ ಮುಂದಿನ ರೈಲು ಎರಡು ನಿಮಿಷಕ್ಕೆ ಬಂತು. ಅಜ್ಜಿಗೆ ಸೀಟೂ ಸಿಕ್ಕಿತು.