ಮಲ್ಲಿಗೆ ಹುಡುಕುವಾಗ ಮೆದುಳು ಮಾಡುವ ಕೆಲಸ

ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಮಲ್ಲಿಗೆ ಬೇಕು ಅಂದುಕೊಳ್ಳಿ. ‘ಬಿಳಿ’ ಎಂಬ ಗುರಿಯನ್ನು ಹಣೆಯ ಹಿಂದಿನ ಮೆದುಳು ಹಿಡಿದಿಟ್ಟುಕೊಂಡು, ತಲೆಯ ಹಿಂಬದಿಯ ದೃಷ್ಟಿಕೇಂದ್ರಕ್ಕೆ ಸೂಚನೆ ಕಳಿಸುತ್ತದೆ. ಅಲ್ಲಿ ಬಿಳಿಗೆ ಸ್ಪಂದಿಸುವ ನರಕೋಶಗಳ ದನಿ ಏರುತ್ತದೆ, ಉಳಿದವುಗಳದ್ದು ತಗ್ಗುತ್ತದೆ. ಸುತ್ತ ಬರೀ ಕೆಂಪು ಗುಲಾಬಿಯಿದ್ದರೆ ಹತ್ತು ಕುಕ್ಕೆಯಿರಲಿ, ಇಪ್ಪತ್ತಿರಲಿ, ಮಲ್ಲಿಗೆ ಕಣ್ಣಿಗೆ ಬೀಳಲು ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಪಕ್ಕದಲ್ಲೇ ಕಾಕಡ, ಸುಗಂಧರಾಜ, ಬಿಳಿ ಸೇವಂತಿಗೆ ಇದ್ದರೆ ಕಥೆಯೇ ಬೇರೆ. ಬಣ್ಣದ ಜೊತೆ ಆಕಾರವನ್ನೂ ಹೊಂದಿಸುತ್ತಾ ಒಂದೊಂದೇ ಕುಕ್ಕೆ ನೋಡಬೇಕು. ಕುಕ್ಕೆ ಹೆಚ್ಚಿದಷ್ಟೂ ತಡ. ಈ ವ್ಯತ್ಯಾಸಕ್ಕೆ ಮನೋವಿಜ್ಞಾನಿಗಳಾದ ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲೇ ಒಂದು ಸಿದ್ಧಾಂತ ಕೊಟ್ಟರು.

ಹಿಂದಿನಿಂದ ಯಾರೋ ‘ಜಾಗ ಬಿಡಿ ಸಾಮಿ!’ ಅಂದರೆ ಗಮನ ಕೇಳದೆಯೇ ಹಾರುತ್ತದೆ. ಅದು ತಪ್ಪಲ್ಲ, ಕೈಗಾಡಿ ಬರುತ್ತಿರಬಹುದಲ್ಲ! ನಿಜವಾದ ಕಾಟ ಗುರಿಯನ್ನೇ ಹೋಲುವ ಅಡ್ಡಿಯದು: ಬಿಳಿ ಹುಡುಕುವವರನ್ನು ಬಿಳಿ ಪ್ಲಾಸ್ಟಿಕ್ ಚೀಲವೂ ಎಳೆಯುತ್ತದೆ.

‘ಚೀಲ ನೋಡಬೇಡ’ ಎಂದು ಹೇಳಿಕೊಂಡರೆ ಮೊದಮೊದಲು ಉಲ್ಟಾ ಹೊಡೆಯುವುದೇ ಹೆಚ್ಚು, ಚೀಲವೇ ಮನಸ್ಸಿನಲ್ಲಿ ಕೂತಿರುತ್ತದೆ. ಬದಲಿಗೆ ಗುರಿಯನ್ನೇ ಚೂಪು ಮಾಡಿ: ‘ಹೂವು’ ಅಲ್ಲ, ‘ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಸಣ್ಣ ಮೊಗ್ಗಿನ ಮಾಲೆ’. ನಿಧಾನವಾಗಿಯೂ ನಡೆಯಿರಿ. ಒಂದನ್ನು ಗುರುತಿಸಿದ ಮೇಲೆ ಸುಮಾರು 0.2ರಿಂದ 0.5 ಸೆಕೆಂಡಿನ ನಡುವೆ ಎದುರಿಗೇ ಬಂದ ಇನ್ನೊಂದು ತಪ್ಪಿಹೋಗುವುದುಂಟು.