ಮಾವನ ಕಲರ್ ಲ್ಯಾಬಿನ ಲೆಕ್ಕ

2004ರ ಮದುವೆ ಸೀಸನ್. ಕಾಲೇಜಿಗೆ ರಜೆ ಇತ್ತು, ಹಾಸನದಲ್ಲಿ ಮಾವನ ಕಲರ್ ಲ್ಯಾಬಿನ ಕೌಂಟರಿನಲ್ಲಿ ಕೂತಿದ್ದೆ. ಫೋಟೋ ಫಿಲ್ಮು ತೊಳೆದು ಪ್ರಿಂಟ್ ಹಾಕಿಕೊಡುವ ಅಂಗಡಿ ಅದು. ಬೆಳಗ್ಗೆಯಿಂದ ಫಿಲ್ಮ್ ರೋಲುಗಳು ಬರುತ್ತಲೇ ಇದ್ದವು. ಕೆಮಿಕಲ್‌ನ ಬಿಸಿ 38 ಡಿಗ್ರಿ ಬಿಟ್ಟು ಅತ್ತಿತ್ತ ಆದರೆ ಮದುಮಗಳ ಮುಖದ ಬಣ್ಣವೇ ಕೆಡುತ್ತದೆ ಅಂತ ಮಾವ ಆಗಾಗ ಎದ್ದು ಹೋಗಿ ಮಷಿನ್ ನೋಡಿ ಬರುತ್ತಿದ್ದರು. ನೆಗೆಟಿವ್ ಬೆಳಕಿಗೆ ಹಿಡಿದರೆ ಸಾಕು, ಹಳದಿ ಎಷ್ಟು ಇಳಿಸಬೇಕು, ಡೆನ್ಸಿಟಿ, ಅಂದರೆ ಪ್ರಿಂಟಿನ ಗಾಢತೆ, ಎಷ್ಟು ಕೊಡಬೇಕು ಅಂತ ಹೇಳಿಬಿಡುತ್ತಿದ್ದರು. ಆ ಕೈಗುಣಕ್ಕೇ ಸುತ್ತಮುತ್ತಲಿನ ಫೋಟೋಗ್ರಾಫರುಗಳು ಬಸ್ಸು ಹತ್ತಿ ನಮ್ಮಲ್ಲಿಗೇ ಬರುತ್ತಿದ್ದರು.

ಮಧ್ಯಾಹ್ನ ಹೊಳೆನರಸೀಪುರದ ಕಡೆಯ ಒಬ್ಬ ಬಂದ. ಜೇಬಿನಿಂದ ಮೆಮೊರಿ ಕಾರ್ಡ್ ತೆಗೆದು, "ಅಣ್ಣ, ಇದರಿಂದ ಪ್ರಿಂಟ್ ಹಾಕಿಕೊಡ್ತೀರಾ?" ಅಂದ. ನಮ್ಮ ಮಷಿನ್ನಿನಲ್ಲಿ ಅದು ಆಗುತ್ತಿರಲಿಲ್ಲ. ಅವನು ಹೋದ ಮೇಲೆ ನಾನು ಸುಮ್ನಿರದೆ, "ನಾವೂ ಡಿಜಿಟಲ್ ಮಷಿನ್ ಹಾಕೋಣ ಮಾವ" ಅಂದೆ.

ಮಾವ ಫೋಟೋ ಕವರಿನ ಹಿಂದೆ ಲೆಕ್ಕ ಬರೆದರು. ರೋಲು ಮಾರಿದ್ದಕ್ಕೆ ಇಷ್ಟು, ತೊಳೆದಿದ್ದಕ್ಕೆ ಇಷ್ಟು, ರೋಲಿನ 36 ಮ್ಯಾಕ್ಸಿ ಸೈಜಿನ ಪ್ರಿಂಟಿಗೆ ಇಷ್ಟು. ಕಣ್ಣು ಮುಚ್ಚಿಕೊಂಡ ಫೋಟೋಗೂ ದುಡ್ಡು ಬರುತ್ತೆ. ಕಾರ್ಡಿನವರು ಕ್ಯಾಮೆರಾದಲ್ಲೇ ನೋಡಿ, ಬೇಡದ್ದನ್ನು ಅಳಿಸಿ, ಹತ್ತು ಪ್ರಿಂಟ್ ಹಾಕಿಸಿದರೆ ಜಾಸ್ತಿ. "ಈ ಮಷಿನ್ನಿನ ಸಾಲಾನೇ ತೀರಿಲ್ಲ ಕಣೋ. ಕಡಿಮೆ ದುಡ್ಡು ಬರೋ ಕೆಲಸಕ್ಕೆ ಇನ್ನೂ ದೊಡ್ಡ ಸಾಲ ಮಾಡ್ಲಾ?" ಕೌಂಟರಿನ ಮುಂದೆ ರೋಲು ಹಿಡಿದವರು ಕಾಯುತ್ತಿದ್ದರು. ಏನಂತ ವಾದ ಮಾಡೋದು?

ಫಿಲ್ಮಿಗೆ ಹೆಸರಾದ ಕೊಡಾಕ್ ಕಂಪನಿಗೆ ಡಿಜಿಟಲ್ ಬರೋದು ಕಣ್ಣಿಗೇ ಕಾಣಲಿಲ್ಲ ಅಂತ ಯಾರಾದರೂ ಬೈದರೆ ನನಗೆ ಈ ಲೆಕ್ಕ ನೆನಪಾಗುತ್ತದೆ. 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದು ಅವರದೇ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಆಮೇಲೆ ಡಿಜಿಟಲ್ ಕ್ಯಾಮೆರಾಗಳನ್ನೂ ಮಾರಿದರು. ಆದರೆ ಫಿಲ್ಮು, ಪೇಪರು, ಕೆಮಿಕಲ್ಲು ಕೊಡುತ್ತಿದ್ದ ಲಾಭ ಕ್ಯಾಮೆರಾ ಮಾರಿದರೆ ಹುಟ್ಟುತ್ತಾ? 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಫ್ಯೂಜಿಫಿಲ್ಮ್‌ನವರು ಉಳಿದುಕೊಂಡರು ನಿಜ. ಫಿಲ್ಮಿಗೆ ಬೇಕಾದ ಕಾಲಜನ್ ಅನ್ನೋ ಪ್ರೋಟೀನ್ ಬಗ್ಗೆ ಗೊತ್ತಿದ್ದನ್ನೆಲ್ಲ ಮುಖಕ್ಕೆ ಹಚ್ಚುವ ಕ್ರೀಮಿಗೆ ಬಳಸಿದರು, ಎಲ್‌ಸಿಡಿ ಪರದೆಗೆ ಬೇಕಾದ ತೆಳು ಹಾಳೆ ಮಾಡಿದರು. ಮಾವನ ಹತ್ತಿರ ಇದ್ದದ್ದು ಬಣ್ಣ ಗುರುತಿಸುವ ಕಣ್ಣು ಮಾತ್ರ. ಅದನ್ನೇ ಕಂಪ್ಯೂಟರ್ ಮುಂದೆ ಕೂತು ದುಡಿಸಬಹುದಿತ್ತು ಅಂತ ಈಗ ಅನ್ನಿಸುತ್ತೆ. ಈಗ ಹೇಳೋದು ಸುಲಭ ಬಿಡಿ.

ಲ್ಯಾಬಿಗೆ ಗಿರಾಕಿ ಕಡಿಮೆಯಾಗಿದ್ದು ಮೊದಲು ಗೊತ್ತಾಗಿದ್ದು ಹೈಪೋ, ಅಂದರೆ ಫಿಲ್ಮು ತೊಳೆಯುವಾಗ ಬಳಸುವ ಒಂದು ಕೆಮಿಕಲ್, ಕೊಳ್ಳುವವನಿಗೆ. ಬಳಸಿದ ಹೈಪೋದಲ್ಲಿ ಫಿಲ್ಮಿನ ಬೆಳ್ಳಿ ಕರಗಿರುತ್ತದೆ. ಅವನು ಅದನ್ನು ಕ್ಯಾನುಗಟ್ಟಲೆ ಒಯ್ದು ಬೆಳ್ಳಿ ತೆಗೆಯುತ್ತಿದ್ದ. ಮುಂದಿನ ವರ್ಷ ನಾನು ಹೋದಾಗ ಅವನೂ ಬಂದಿದ್ದ. "ಏನ್ ಸಾರ್, ಎರಡು ಕ್ಯಾನೂ ತುಂಬಿಲ್ಲ?" ಅಂದ.

"ಆಷಾಢ ಅಲ್ವಾ, ಮದುವೆ ಇಲ್ಲ" ಅಂದರು ಮಾವ.

"ಹೋದ ಆಷಾಢಕ್ಕೆ ನಾಲ್ಕು ಕ್ಯಾನ್ ಕೊಟ್ಟಿದ್ರಿ ಸಾರ್. ನಾನಂತೂ ಆಸ್ಪತ್ರೆಗಳ ಹಳೇ ಎಕ್ಸ್‌ರೇ ಫಿಲ್ಮ್ ಕೊಳ್ಳೋಕೆ ಶುರು ಮಾಡ್ದೆ. ಅದರಲ್ಲೂ ಬೆಳ್ಳಿ ಇರುತ್ತೆ."